ಜಪಾನ್ ರೈಲಿಗೆ ತೂಕ ನಿಂತವರು

ಬಸ್ಸು ತಿರುವಿನಲ್ಲಿ ಒಂದು ಬದಿಗೆ ವಾಲಿದರೆ ನಾನು ಇನ್ನೊಂದು ಬದಿಗೆ ವಾಲುತ್ತೇನೆ. ಇದು ನನಗೆ ಗೊತ್ತೇ ಇರಲಿಲ್ಲ. ಮೂವತ್ತು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು ಕಿಟಕಿಗೆ ಒತ್ತಿಸಿಕೊಂಡು ಬಂದಿರುವ ನನ್ನ ಹೆಂಡತಿ ಗಿರಿಜಾ ಹೋದ ತಿಂಗಳು ಹೇಳಿದಳು. ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಗೆ ಹೊರಟಿದ್ದೆವು. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿತು. ಬಸ್ಸಿನಲ್ಲಿದ್ದವರೆಲ್ಲ ಬಲಕ್ಕೆ ಜರುಗಿದರು. ನಾನೊಬ್ಬ ಎಡಕ್ಕೆ ಜರುಗಿದೆ.

"ರೀ, ಊರೆಲ್ಲ ಆ ಕಡೆ ಬಿದ್ರೆ ನೀವ್ಯಾಕೆ ಈ ಕಡೆ ಬೀಳ್ತೀರಿ?"

"ನಾನೆಲ್ಲಿ ಬಿದ್ದೆ?"

"ಪ್ರತಿ ಸಲ ಬೀಳ್ತೀರಿ. ಮದುವೆಯಾದ ಹೊಸದ್ರಲ್ಲಿ ಪ್ರೀತಿಗೆ ಅಂದ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ತಿರುವಿದ್ರೆ ಮಾತ್ರ ಪ್ರೀತಿ ಅಂತ."

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಮೂವತ್ತು ವರ್ಷ ತಿಪಟೂರಿನಲ್ಲಿ ಅದನ್ನೇ ಪಾಠ ಮಾಡಿ ನಿವೃತ್ತನಾದವನು. ಅರುವತ್ತೆಂಟು ಕೆಜಿಯ ಮೇಷ್ಟ್ರು ಎಡಕ್ಕೆ ವಾಲಿದ ಮಾತ್ರಕ್ಕೆ ತುಂಬಿದ ಬಸ್ಸೊಂದು ನೆಟ್ಟಗಾಗುವುದಿಲ್ಲ ಎಂದು ಕಪ್ಪುಹಲಗೆಯ ಮೇಲೆ ಸಾಧಿಸಿ ತೋರಿಸಬಲ್ಲೆ. ನನ್ನ ಸೊಂಟ ಮಾತ್ರ ಆ ಪಾಠಕ್ಕೆ ಹಾಜರಾಗಿರಲಿಲ್ಲ ಅಂತ ಕಾಣುತ್ತದೆ.

ಸೊಂಟದ ತಪ್ಪೂ ಅಲ್ಲ. ಅದು ಓದಿದ್ದು ಬೇರೆ ಕಡೆ. ನಾನು ಚಿಕ್ಕವನಾಗಿದ್ದಾಗ ಬಿಳಿಗೆರೆಯ ನಮ್ಮ ತೋಟದಿಂದ ಮನೆಗೆ ಕಾಯಿ ಬರುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಸುಲಿಯದ ಕಾಯಿಯನ್ನು ಆಳೆತ್ತರ ಒಟ್ಟಿ, ಅದರ ಮೇಲೆ ಮನೆಯ ಮಕ್ಕಳನ್ನೆಲ್ಲ ಕೂರಿಸುತ್ತಿದ್ದರು. ಮಕ್ಕಳ ಮೇಲಿನ ಮುದ್ದಿನಿಂದ ಅಲ್ಲ. ದಾರಿಯಲ್ಲಿ ಒಂದು ಹಳ್ಳ ಇತ್ತು. ಅಲ್ಲಿ ಒಂದು ಗಾಲಿ ಇಳಿದು ಗಾಡಿ ವಾಲಿದ ತಕ್ಷಣ ಅಪ್ಪ ಮುಂದಿನಿಂದ "ತೂಕ ನಿಲ್ರೋ" ಅನ್ನುತ್ತಿದ್ದರು. ನಾವೆಲ್ಲ ಮೇಲೆದ್ದ ಬದಿಗೆ ಹಾರಿ, ಗಾಡಿಯ ಗೂಟ ಹಿಡಿದು ಹೊರಕ್ಕೆ ಜೋತು ಬೀಳಬೇಕು. ಗಾಲಿ ಹಳ್ಳ ಹತ್ತಿದ ಮೇಲೆ ಮತ್ತೆ ಕಾಯಿಯ ಮೇಲೆ. ಮೊಣಕಾಲು ಸಿಪ್ಪೆಗೆ ಉಜ್ಜಿ ಉರಿಯುತ್ತಿತ್ತು, ಚಡ್ಡಿಯ ತುಂಬ ನಾರು. ಆದರೂ ಗಾಡಿ ಉಳಿದದ್ದು ನಮ್ಮಿಂದಲೇ ಎಂಬ ಗತ್ತಿನಲ್ಲಿ ಮನೆಗೆ ಬರುತ್ತಿದ್ದೆವು. ಈಗಲೂ ಟ್ರಾಕ್ಟರಿನ ಹಿಂದೆ ಕಾಯಿ ಹೇರಿದರೆ ನಮ್ಮ ಕಡೆ ಇಬ್ಬರಾದರೂ ತೂಕ ನಿಲ್ಲಲು ಹತ್ತುತ್ತಾರೆ. ವಾಲಿದ್ದು ಯಾವುದೇ ಇರಲಿ, ನಾವು ಎದುರು ಬದಿಗೆ ಓಡುವ ಜನ.

ಆವತ್ತು ಬಸ್ಸಿನಲ್ಲಿ ಗಿರಿಜಾ ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಆ ಜಪಾನ್ ರೈಲಲ್ಲೂ ಹಿಂಗೇ ಮಾಡಿದ್ರೋ ಏನೋ" ಅಂದಳು.

"ಅದು ಅಪ್ಪ ಮಾಡಿದ್ದು."

"ಅದೇ. ನೀವು ಹೇಳಿದ್ದು ಕೇಳಿದ್ದೀನಿ, ನೋಡಿಲ್ಲ."

ಆ ರೈಲಿನ ವಿಷಯ ಹೇಳಬೇಕು. ಅದರ ಹೆಸರು 381 ಸರಣಿ. ಜಪಾನಿನವರು ತಮ್ಮ ಮಕ್ಕಳಿಗೆ ಚಂದದ ಹೆಸರಿಟ್ಟು ರೈಲಿಗೆ ನಂಬರು ಇಡುತ್ತಾರೆ. ಅದು ಲಿಮಿಟೆಡ್ ಎಕ್ಸ್‌ಪ್ರೆಸ್ ಜಾತಿಯ ವಿದ್ಯುತ್ ರೈಲು, ಅಂದರೆ ಕಂಡಕಂಡ ಕಡೆ ನಿಲ್ಲುವುದಿಲ್ಲ. ನಮ್ಮ ತಿಪಟೂರು ಸ್ಟೇಷನ್ನಿಗೆ ಕರೆಂಟು ಕಂಬ ಬಂದದ್ದು ಈಚೆಗೆ. ಆ ರೈಲು ಜಪಾನಿನಲ್ಲಿ ಓಡಲು ಶುರು ಮಾಡಿದ್ದು 1973ರಲ್ಲಿ. ಗುಡ್ಡಗಾಡಿನ ಹಳಿಗಳಲ್ಲಿ ತಿರುವು ಜಾಸ್ತಿ, ತಿರುವಿನಲ್ಲಿ ವೇಗ ತಗ್ಗಿಸಬೇಕು, ವೇಗ ತಗ್ಗಿಸಿದರೆ ಜಪಾನಿನವರಿಗೆ ಅವಮಾನ. ಅದಕ್ಕೆ ಅವರು ಬೋಗಿಯನ್ನು ಲೋಲಕದ ಹಾಗೆ ಚಕ್ರಗಳ ಮೇಲೆ ಸಡಿಲವಾಗಿ ಕೂರಿಸಿದರು. ತಿರುವಿನಲ್ಲಿ ಹೊರಗೆಳೆಯುವ ಬಲಕ್ಕೆ ಬೋಗಿಯ ಕೆಳಭಾಗ ಆಚೆ ಹೋಗುತ್ತದೆ, ತಲೆ ಒಳಗೆ ಬಾಗುತ್ತದೆ. ಐದು ಡಿಗ್ರಿ. ಸೈಕಲ್ಲು ತಿರುಗಿಸುವವನು ಮೈ ಬಾಗಿಸುವ ಹಾಗೆ. ಕಾಗದದ ಮೇಲೆ ಬಹಳ ಸೊಗಸಾದ ಉಪಾಯ.

ಕಾಗದದ ಆಚೆ ಒಂದು ತೊಡಕಿತ್ತು. ಮುಂದೆ ತಿರುವಿದೆ ಅಂತ ಆ ಬೋಗಿಗೆ ಮೊದಲೇ ಗೊತ್ತಾಗುತ್ತಿರಲಿಲ್ಲ. ತಿರುವಿಗೆ ಹೊಕ್ಕ ಮೇಲೆ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ನೆನಪಾದಂತೆ ಥಟ್ಟನೆ ವಾಲುತ್ತಿತ್ತು. ತಿರುವು ಮುಗಿದ ಮೇಲೂ ಸ್ವಲ್ಪ ಹೊತ್ತು ವಾಲಿಕೊಂಡೇ ಇದ್ದು, ಮತ್ತೆ ನೆನಪಾಗಿ ಎದ್ದು ಕೂರುತ್ತಿತ್ತು. ಪ್ರಯಾಣಿಕರಿಗೆ ಹೊಟ್ಟೆ ತೊಳೆಸುತ್ತಿತ್ತು. ಬೋಗಿಯಲ್ಲಿ ವಾಂತಿಗೆಂದೇ ಚೀಲ ಇಟ್ಟಿರುತ್ತಿದ್ದರು. ವೇಗವಾಗಿ ಹೋಗುವುದೂ ಬೇಕು, ಉಂಡದ್ದು ಒಳಗೇ ಇರುವುದೂ ಬೇಕು ಅನ್ನುವಷ್ಟು ದುರಾಸೆ ಆ ದೇಶದವರಿಗೆ ಇರಲಿಲ್ಲ.

ಅದರ ನೌಕರಿಯ ಚರಿತ್ರೆಯೂ ನಮ್ಮ ಸರ್ಕಾರಿ ಮೇಷ್ಟ್ರುಗಳದ್ದೇ. ಮೊದಲು ನಗೊಯಾದಿಂದ ನಗಾನೊಗೆ ಹೋಗುವ ಬೆಟ್ಟದ ದಾರಿ. ಆಮೇಲೆ ಸಮುದ್ರದಂಚಿನ ಕೀ ಪರ್ಯಾಯದ್ವೀಪದ ಕಡೆಗೆ ಪೋಸ್ಟಿಂಗು. 1982ರಲ್ಲಿ ಒಕಯಾಮದಿಂದ ಬೆಟ್ಟ ದಾಟಿ ಇಜುಮೊ ಕಡೆಗೆ ಹೋಗುವ 'ಯಾಕುಮೊ' ಎಂಬ ಗಾಡಿಗೆ. ಮೊದಲೆರಡು ಕಡೆ, ತಿರುವು ಎಲ್ಲಿದೆಯೆಂದು ಮೊದಲೇ ತಿಳಿದಿರುವ ಬುದ್ಧಿವಂತ ರೈಲುಗಳು ಒಂದಲ್ಲ ಒಂದು ದಿನ ಬಂದು ಇದನ್ನು ಹೊರಹಾಕಿದವು. ಮೂರನೆಯ ಕಡೆ ಯಾರೂ ಬರಲಿಲ್ಲ. ಇದೇ ಹೊತ್ತಿತು, ವಾಲಿತು, ಎದ್ದಿತು, 2024ರ ಜೂನಿನವರೆಗೆ.

ನಾನು ನಿವೃತ್ತನಾದದ್ದೂ ಅದೇ ವರ್ಷ. ರೈಲಿನ ಕೊನೆಯ ದಿನದ ವಿಡಿಯೋವನ್ನು ನನ್ನ ಹಳೆಯ ವಿದ್ಯಾರ್ಥಿ ಯೋಗೀಶ ಕಳಿಸಿದ್ದ, "ಸಾರ್, ನಿಮ್ಮ ರೈಲೂ ರಿಟೈರ್ ಆಯ್ತು" ಅಂತ. ಪ್ಲಾಟ್‌ಫಾರಂ ತುಂಬ ಕ್ಯಾಮೆರಾ ಹಿಡಿದ ಜನ. ಕೈ ಬೀಸುತ್ತಿದ್ದಾರೆ. ಒಬ್ಬ ನಡುವಯಸ್ಕ ಕರ್ಚೀಫಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾನೆ. ಅದರೊಳಗೆ ವಾಂತಿ ಮಾಡಿಕೊಂಡವರ ಮಗನೇ ಇರಬೇಕು. ನನ್ನ ಬೀಳ್ಕೊಡುಗೆಯಲ್ಲಿ ಒಂದು ಗೋಡೆ ಗಡಿಯಾರ ಕೊಟ್ಟು, ಖಾರಾಬೂಂದಿ ಹಂಚಿ, ಸಭಾಂಗಣ ಮೂರೂವರೆಗೆ ಬಿಟ್ಟುಕೊಡಬೇಕು ಅಂದಿದ್ದರು.

ವಿಡಿಯೋದಲ್ಲಿ ರೈಲು ಕೆನೆಬಣ್ಣಕ್ಕೆ ಕೆಂಪು ಪಟ್ಟಿ. ನನ್ನ ನೆನಪಿನಲ್ಲೂ ಹಾಗೇ ಇದೆ. ಆದರೆ ಯೋಗೀಶ ಹುಡುಕಿ ತೆಗೆದ ಪ್ರಕಾರ ಅದಕ್ಕೆ ನಡುವೆ ನೇರಳೆ ಬಣ್ಣ ಬಳಿದಿದ್ದರು, ಇನ್ನೇನೇನೋ ಬಳಿದಿದ್ದರು, ಕೊನೆಗಾಲದಲ್ಲಿ ಜನರ ಪ್ರೀತಿಗೆ ಮತ್ತೆ ಹಳೆಯ ಬಣ್ಣ ಬಳಿದರು. ಹಾಗಾದರೆ ನಾನು ಕೂತದ್ದು ಯಾವ ಬಣ್ಣದ್ದರಲ್ಲಿ? ವಿಡಿಯೋ ನೋಡಿದ ಮೇಲೆ ನನ್ನ ನೆನಪಿಗೂ ಯಾರೋ ಬಣ್ಣ ಬಳಿದಿರಬಹುದು. ನನಗೆ ಈ ಥರದ ಅನುಮಾನ ಸಹಜ. ನಮ್ಮ ದೊಡ್ಡಮ್ಮ ಬೋರನಕಣಿವೆ ಜಲಾಶಯದ ಏರಿಯ ಮೇಲೆ ಚಿರತೆ ನೋಡಿದ್ದನ್ನು ಹೇಳಿದಾಗಲೆಲ್ಲ ಚಿರತೆ ಒಂದು ಗೇಣು ಬೆಳೆಯುತ್ತಿತ್ತು. "ಸಾಕ್ಷಿ ಏನು ದೊಡ್ಡಮ್ಮ?" ಅಂತ ಕೇಳಿ ಕೇಳಿ ಕೊನೆಗೆ ಅವರು ನನಗೆ ಕಾಫಿ ಕೊಡುವುದನ್ನೇ ನಿಲ್ಲಿಸಿದರು. ಬೇರೆಯವರ ನೆನಪನ್ನು ಸಾಕ್ಷಿಯಿಲ್ಲದೆ ನಾನು ಎಂದೂ ಒಳಗೆ ಬಿಟ್ಟುಕೊಂಡವನಲ್ಲ. ನನ್ನ ನೆನಪಿಗೆ ಮಾತ್ರ ಬಾಗಿಲು ತೆಗೆದೇ ಇರುತ್ತಿತ್ತು.

ನಾನು ಮೇಷ್ಟ್ರ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾವು ಜಪಾನಿಗೆ ಹೋದದ್ದು ಹೇಗೆಂದರೆ, ಯಾವುದೋ ಇಲಾಖೆಗೆ ತೆಂಗು ಬೆಳೆಗಾರರನ್ನು ಹೊರದೇಶಕ್ಕೆ ಕಳಿಸಿ ಜ್ಞಾನ ಕೊಡಿಸಬೇಕೆಂದು ತೋಚಿತು. ತೆಂಗು ಬೆಳೆಯುವ ದೇಶಗಳು ಹಲವು ಇವೆ. ಅವನ್ನೆಲ್ಲ ಬಿಟ್ಟು ಜಪಾನನ್ನು ಆರಿಸಿದರು. ಅಲ್ಲಿ ಇಜುಮೊ ಹತ್ತಿರದ ಒಂದು ಹಳ್ಳಿಯಲ್ಲಿ, ಟೊಮೆಟೊ ಥರ ಕಾಣುವ ಒಂದು ಹಣ್ಣನ್ನು ಸಿಪ್ಪೆ ತೆಗೆದು, ಸರ ಮಾಡಿ, ಎತ್ತರದ ಅಟ್ಟದ ಮನೆಗಳಲ್ಲಿ ನೇತುಹಾಕಿ ಒಣಗಿಸುತ್ತಾರೆ. ನೀವೂ ಅಟ್ಟದಲ್ಲಿ ಕಾಯಿ ಒಣಗಿಸುತ್ತೀರಿ, ಅವರೂ ಅಟ್ಟದಲ್ಲಿ ಹಣ್ಣು ಒಣಗಿಸುತ್ತಾರೆ, ಹೋಗಿ ನೋಡಿ ಬನ್ನಿ. ಇದು ಯೋಜನೆಯ ಒಟ್ಟು ತಾತ್ಪರ್ಯ. ಐದು ಜನ ಬೆಳೆಗಾರರು ಹೊರಟರು. ನಮ್ಮ ಅಪ್ಪ ಗುರುಶಾಂತಪ್ಪ ಒಬ್ಬರು. ಅಪ್ಪನ ಸ್ನೇಹಿತ, ತುರುವೇಕೆರೆಯ ರುದ್ರಪ್ಪ ಮಾವ ಇನ್ನೊಬ್ಬರು. ದುಭಾಷಿಯಾಗಿ ನಾನು. ನನಗೆ ಜಪಾನಿ ಭಾಷೆ ಬರುತ್ತಿರಲಿಲ್ಲ. ಇಂಗ್ಲಿಷ್ ಬರುತ್ತಿತ್ತು, ಅದು ಜಪಾನಿನವರಿಗೆ ಬರುತ್ತಿರಲಿಲ್ಲ. ಹೀಗೆ ಎರಡೂ ಕಡೆಯವರಿಗೆ ನಾನು ಸಮನಾಗಿ ನಿರುಪಯೋಗಿಯಾಗಿದ್ದೆ.

ಇನ್ನು ಆ ಕಥೆ. ತಿಪಟೂರು ಸೀಮೆಯಲ್ಲಿ ನನ್ನ ಕೈಲಿ ಓದಿದ ಯಾರನ್ನೇ ಕೇಳಿ, ಹೇಳುತ್ತಾರೆ. ಪ್ರತಿ ವರ್ಷ ವೃತ್ತಾಕಾರದ ಚಲನೆಯ ಪಾಠ ಬಂದಾಗ ಸೀಮೆಸುಣ್ಣ ಕೆಳಗಿಟ್ಟು ಹೇಳುತ್ತಿದ್ದೆ.

ಒಕಯಾಮದಿಂದ ಹೊರಟ ಯಾಕುಮೊ ರೈಲು ಹೊಳೆಯ ಪಕ್ಕದಲ್ಲಿ ಬೆಟ್ಟ ಹತ್ತುತ್ತಿತ್ತು. ಬೋಗಿಯೊಳಗೆ ಉಸಿರು ಬಿಟ್ಟರೆ ಕೇಳುವಷ್ಟು ಮೌನ. ಜಪಾನಿನವರು ಊಟದ ಡಬ್ಬಿ ಬಿಚ್ಚಿಕೊಂಡು ಸದ್ದಿಲ್ಲದೆ ತಿನ್ನುತ್ತಿದ್ದಾರೆ. ಮೊದಲ ದೊಡ್ಡ ತಿರುವು ಬಂತು. ರೈಲು ಒಂದು ಕ್ಷಣ ಯೋಚಿಸಿ ಥಟ್ಟನೆ ವಾಲಿತು. ನಮ್ಮ ಅಪ್ಪ ಎದ್ದು ನಿಂತು, ಎರಡೂ ಕೈ ಚಾಚಿ, ಬಿಳಿಗೆರೆಯ ಹಳ್ಳದಲ್ಲಿ ಕೂಗಿದ ಹಾಗೆ ಕೂಗಿದರು: "ತೂಕ ನಿಲ್ರೋ, ಗಾಡಿ ಮಗುಚ್ತದೆ." ನಾಲ್ಕು ಜನ ಬೆಳೆಗಾರರು ಒಂದು ಮಾತೂ ಕೇಳದೆ ಎದ್ದು ಎದುರು ಬದಿಯ ಸೀಟುಗಳಿಗೆ ಹಾರಿ ಕಿಟಕಿಗೆ ಅಂಟಿಕೊಂಡರು. ರೈಲು ನೆಟ್ಟಗಾಯಿತು. ಅಪ್ಪನಿಗೆ ಗೆದ್ದ ಮುಖ. ಅಷ್ಟರಲ್ಲಿ ಇನ್ನೊಂದು ತಿರುವು, ಈ ಸಲ ಆ ಕಡೆಗೆ. "ಈ ಕಡೆ ಬರ್ರೋ." ಎಲ್ಲರೂ ವಾಪಸ್ಸು. ಆ ದಾರಿಯಲ್ಲಿ ತಿರುವಿಗೇನು ಬರವೇ. ನಾಲ್ಕನೇ ತಿರುವಿಗೆ ಒಬ್ಬ ಜಪಾನಿ ಮುದುಕ ಡಬ್ಬಿ ಮುಚ್ಚಿಟ್ಟು, ತಲೆ ಬಾಗಿಸಿ ನಮಸ್ಕರಿಸಿ, ನಮ್ಮವರ ಜೊತೆ ಎದುರು ಬದಿಗೆ ಬಂದು ನಿಂತ.

ಇಲ್ಲಿ ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು. ನಗು ಇಳಿದ ಮೇಲೆ ನಾನು ಸೀಮೆಸುಣ್ಣ ಎತ್ತಿಕೊಂಡು, "ನಮ್ಮ ಅಪ್ಪನಿಗೆ ಗೊತ್ತಿಲ್ಲದೇ ಇದ್ದದ್ದು ಏನು ಅಂದ್ರೆ" ಅಂತ ಶುರುಮಾಡಿ, ಬೋಗಿ ಬೀಳುವುದಕ್ಕಲ್ಲ, ಬೀಳದೇ ಇರುವುದಕ್ಕೆ ವಾಲುತ್ತದೆ ಎಂದು ಚಿತ್ರ ಬರೆದು ವಿವರಿಸುತ್ತಿದ್ದೆ. ಆ ಪಾಠದಲ್ಲಿ ಯಾರೂ ಫೇಲಾಗುತ್ತಿರಲಿಲ್ಲ. ಮುದುಕನ ಭಾಗ ಮಾತ್ರ ನಾನೇ ಕಟ್ಟಿದ್ದೆಂದು ನನಗೆ ಮೊದಲಿನಿಂದಲೂ ಅನುಮಾನ ಇತ್ತು. ಕಥೆಗೆ ಒಬ್ಬ ಮುದುಕ ಬೇಕಿತ್ತು, ಬಂದ.

ಬಸ್ಸಿನಲ್ಲಿ ಗಿರಿಜಾ ಅಂದ ಮಾತು ಮುಳ್ಳಿನ ಹಾಗೆ ಒಳಗೇ ಉಳಿದುಕೊಂಡಿತ್ತು. ಅದೇ ವಾರ ಯೋಗೀಶ ಮನೆಗೆ ಬಂದ. ಅವನು ಈಗ ನಮ್ಮ ಭಾಗದ ಬೆಳೆಗಾರರ ಸಂಘದ ಕಾರ್ಯದರ್ಶಿ. ಸಂಘದಿಂದ ಅಪ್ಪನಿಗೆ ಸನ್ಮಾನವಂತೆ. "ಸಾರ್, ನೀವು ಹತ್ತು ನಿಮಿಷ ಮಾತಾಡ್ಬೇಕು. ಬೇರೆ ಏನೂ ಬೇಡ ಸಾರ್, ಆ ರೈಲೊಂದು ಹೇಳ್ಬುಡಿ. ಎಲ್ಲಾ ಅದಕ್ಕೇ ಕಾಯ್ತಾವ್ರೆ" ಅಂದ.

ಎಂಬತ್ತೈದು ವರ್ಷದ ಅಪ್ಪನನ್ನು ವೇದಿಕೆ ಮೇಲೆ ಕೂರಿಸಿ, ಮುಖದೆದುರೇ ಆ ಕಥೆ ಹೇಳಬೇಕು. ಕ್ಲಾಸಿನಲ್ಲಿ ಹೇಳಿದ್ದು ಬೇರೆ, ಇದು ಬೇರೆ. ವಿವರಗಳನ್ನಾದರೂ ಸರಿ ಮಾಡಿಕೊಳ್ಳೋಣ ಎಂದು ತುರುವೇಕೆರೆಗೆ ಹೋದೆ. ಆವತ್ತು ಹೋದವರಲ್ಲಿ ಅಪ್ಪನನ್ನು ಬಿಟ್ಟರೆ ಈಗ ಉಳಿದಿರುವವರು ರುದ್ರಪ್ಪ ಮಾವ ಒಬ್ಬರೇ. ಕೊಬ್ಬರಿ ಅಂಗಡಿಯನ್ನು ಮಗನಿಗೆ ಬಿಟ್ಟಿದ್ದಾರೆ. ತಾವು ಅಂಗಡಿಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು, ಮಗ ವ್ಯಾಪಾರ ಮಾಡುವುದು ಸರಿಯಿಲ್ಲ ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುತ್ತಾರೆ.

"ಬಾರ್ಲಾ ಮೇಷ್ಟ್ರೇ. ಏನ್ ಅಪರೂಪ?"

ವಿಷಯ ಹೇಳಿದೆ. "ಮಾವ, ಆ ನಾಲ್ಕನೇ ತಿರುವಲ್ಲಿ ಒಬ್ಬ ಮುದುಕ ಎದ್ದು ನಮ್ಮ ಕಡೆ ಬಂದ ಅಂತ ನಾನು ಹೇಳ್ತೀನಲ್ಲ, ಅದು ನಾನು ಸೇರಿಸಿದ್ದು ಅಲ್ವಾ?"

"ಯಾಕೆ, ಬಂದಿದ್ನಲ್ಲ. ಬೋಳು ತಲೆ. ನನ್ನ ಕಾಲು ತುಳಿದು ಹತ್ತು ಸಲ ತಲೆ ಬಾಗಿಸ್ದ. ಇನ್ನೊಂದ್ಸಲ ಬಾಗಿಸಿದ್ರೆ ನಾನೇ ಅವನ ಕಾಲು ತುಳಿಯೋನು."

ಗೆದ್ದೆ ಅನ್ನಿಸಿತು. ಕಟ್ಟಿದ್ದೆಂದುಕೊಂಡದ್ದೂ ನಿಜವಾದರೆ ಉಳಿದದ್ದರಲ್ಲಿ ಅನುಮಾನವೇಕೆ? "ಮತ್ತೆ ಅಪ್ಪ ಎದ್ದು ನಿಂತು ಕೈ ಚಾಚಿ ಕೂಗಿದ್ದು..."

ರುದ್ರಪ್ಪ ಮಾವ ನನ್ನ ಮುಖವನ್ನೇ ನೋಡಿದರು. ಬಾಯಲ್ಲಿದ್ದ ಎಲೆಅಡಿಕೆ ಒಂದು ಕಡೆಗೆ ಸರಿಸಿದರು.

"ಲೇ, ತಮಾಷೆ ಮಾಡ್ತಿದ್ದೀಯಾ?"

"ಇಲ್ಲ ಮಾವ."

"ಎದ್ದೋನು ನೀನು ಕಣ್ಲಾ."

"ನಾನಾ?"

"ಇನ್ಯಾರು? ನಿಮ್ಮಪ್ಪ ಕಿಟಕಿ ಪಕ್ಕ ಕೂತು ನಿದ್ದೆ ಮಾಡ್ತಿದ್ದ. ನೀನು ಧಿಗ್ಗನೆ ಎದ್ದು ತೂಕ ನಿಲ್ರೋ ಅಂದೆ. ಓದಿದ ಹುಡುಗ, ಎಂ.ಎಸ್ಸಿ., ಇವನಿಗೆ ಗೊತ್ತಿರ್ತದೆ ಅಂತ ನಾವೆಲ್ಲ ಎದ್ವಿ. ನಿಮ್ಮಪ್ಪ ಅಂದಿದ್ರೆ ನಾನು ಎದ್ದೇಳ್ತಿದ್ನಾ? ಕೂತ್ಕೊಳ್ಲಾ ಸುಮ್ಕೆ ಅಂತಿದ್ದೆ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ನಿಮ್ಮಪ್ಪನೇ ಸುಮ್ಕಿದ್ದ. ಅಪ್ಪ ಮಗನ ಮಧ್ಯೆ ನಾನ್ಯಾವನು? ಅದೂ ಅಲ್ದೆ, ನೀನು ಬೇಕಂತ್ಲೇ ಹೇಳ್ತೀಯ ಅಂದ್ಕೊಂಡಿದ್ದೆ. ಮರೆತೇಬಿಟ್ಟಿದ್ದೀಯ ಅಂತ ಇವತ್ತು ಗೊತ್ತಾಯ್ತು ಬುಡು."

ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ. ರುದ್ರಪ್ಪ ಮಾವನಿಗೂ ಎಂಬತ್ತೆರಡು. ಒಬ್ಬರ ನೆನಪಿಗೆ ಇನ್ನೊಬ್ಬರ ನೆನಪು ಎದುರು ನಿಂತರೆ ಅದು ಸಾಕ್ಷಿಯಲ್ಲ, ಜಗಳ. ನನ್ನಲ್ಲಿ ದಾಖಲೆಯಿದೆ. ಆ ಪ್ರವಾಸದ ಹದಿಮೂರು ದಿನವೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಮನೆಗೆ ಬಂದವನೇ ಬೀರು ಹುಡುಕಿ ತೆಗೆದೆ.

ಹೋಟೆಲಿನ ಕಕ್ಕಸ್ಸಿನಲ್ಲಿದ್ದ ಗುಂಡಿಗಳ ಬಗ್ಗೆ ಮೂರು ಪುಟ ಬರೆದಿದ್ದೇನೆ, ಚಿತ್ರ ಸಹಿತ. ಒಣಗಿದ ಹಣ್ಣಿನ ಬಗ್ಗೆ ನಾಲ್ಕು ಪುಟ. ಅಪ್ಪ ಚಮಚದಲ್ಲಿ ತಿನ್ನುವ ಸೂಪನ್ನು ಬಟ್ಟಲೆತ್ತಿ ಕುಡಿದದ್ದು, ಸುತ್ತಲಿದ್ದ ಜಪಾನಿನವರೆಲ್ಲ ಹಾಗೇ ಕುಡಿಯುತ್ತಿದ್ದುದರಿಂದ ನಾನೊಬ್ಬನೇ ಚಮಚ ಹಿಡಿದು ಪೆಚ್ಚಾದದ್ದು, ಎಲ್ಲ ಇದೆ. ರೈಲಿನ ದಿನಕ್ಕೆ ಬಂದೆ. ಒಂದೇ ಸಾಲು. "ತಲೆನೋವು. ವಿಶೇಷವೇನಿಲ್ಲ."

ಪುಟ ತಿರುಗಿಸಿ ನೋಡಿದೆ, ಅಂಟಿಕೊಂಡಿದೆಯೇನೋ ಎಂದು ಉಗುರಿನಿಂದ ಬಿಡಿಸಿ ನೋಡಿದೆ. ಇಲ್ಲ. ಅಪ್ಪ ರೈಲಿನಲ್ಲಿ ಎದ್ದು ಕೂಗಿದ್ದರೆ ನಾನು ಅದನ್ನು ಬರೆಯದೆ ಬಿಡುವವನೇ? ಸೂಪಿಗೇ ಒಂದು ಪುಟ ಕೊಟ್ಟವನು ಅದಕ್ಕೆ ಹತ್ತು ಪುಟ ಕೊಡುತ್ತಿದ್ದೆ. ಕಕ್ಕಸ್ಸಿನ ಗುಂಡಿಯನ್ನೂ ಬಿಡದವನು ವಿಶೇಷವೇನಿಲ್ಲ ಎಂದು ಬರೆದು ಮಲಗಿದ್ದಾನೆಂದರೆ ಆವತ್ತಿನ ವಿಶೇಷ ಅವನೇ. ಇಷ್ಟು ಗಟ್ಟಿ ಸಾಕ್ಷಿಯನ್ನು ನಾನು ದೊಡ್ಡಮ್ಮನ ಚಿರತೆಗೂ ಕೇಳಿರಲಿಲ್ಲ.

ಊರಿಗೆ ಬಂದ ಮೇಲೆ ಯಾವ ವರ್ಷ, ಯಾವ ಕ್ಲಾಸಿನಲ್ಲಿ ನನ್ನನ್ನು ಇಳಿಸಿ ಅಪ್ಪನನ್ನು ಆ ಜಾಗಕ್ಕೆ ನಿಲ್ಲಿಸಿದೆನೋ ತಿಳಿಯದು. ಮೊದಲ ಸಲ ಗೊತ್ತಿದ್ದೇ ಹೇಳಿರಬೇಕು. ಹೊಸ ಮೇಷ್ಟ್ರು, ಹುಡುಗರು ತನ್ನನ್ನೇ ನೋಡಿ ನಕ್ಕಾರೆಂಬ ಹೆದರಿಕೆ. ಎರಡನೆಯ ವರ್ಷ ಅಭ್ಯಾಸ. ಐದನೆಯ ವರ್ಷಕ್ಕೆ ಅದು ನೆನಪು.

ಮಾರನೆಯ ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಗೋಣಿಚೀಲದ ಮೇಲೆ ಕೂತಿದ್ದರು. ಅಟ್ಟದಿಂದ ಇಳಿಸಿದ ಒಣ ಕಾಯಿಗಳನ್ನು ಒಂದೊಂದಾಗಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗುಡುಗುಡು ಅನ್ನುತ್ತದೆ. ಬಿಟ್ಟಿಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಈಗ ಅವರಿಗೆ ಕಿವಿ ಮಂದ, ಆದರೂ ಕಿವಿಯ ಹತ್ತಿರವೇ ಹಿಡಿಯುತ್ತಾರೆ. ಕೈಗೇ ಕೇಳಿಸುತ್ತದಂತೆ.

ನಾನು ಎದುರು ಕೂತು ಸ್ವಲ್ಪ ಗಟ್ಟಿಯಾಗಿ ಹೇಳಿದೆ. "ಅಪ್ಪಾ, ಆ ರೈಲಲ್ಲಿ ಮೊದ್ಲು ಎದ್ದೋನು ನಾನಂತೆ."

"ಯಾರಂದ್ರು?"

"ರುದ್ರಪ್ಪ ಮಾವ."

"ಅವನಿಗೇನು ಕೆಲ್ಸ." ಇನ್ನೊಂದು ಕಾಯಿ ಎತ್ತಿಕೊಂಡರು.

"ನಿಜವಾ ಅಪ್ಪಾ?"

"ಓದಿದೋನು ನೀನು. ನೀನೇ ಹೇಳು."

ನೋಟ್‌ಬುಕ್ಕಿನ ವಿಷಯ ಹೇಳಿದೆ. ಏನೂ ಬರೆಯದೆ ಇದ್ದದ್ದು ಹೇಗೆ ಸಾಕ್ಷಿಯಾಗುತ್ತದೆಂದು ಪಾಠ ಮಾಡಿದಂತೆ ಬಿಡಿಸಿ ಹೇಳಿದೆ. ಕೈಯಲ್ಲಿದ್ದ ಕಾಯಿ ಅಲ್ಲಾಡಿಸದೆ ಪೂರ್ತಿ ಕೇಳಿದರು.

"ಬರೀದೆ ಇದ್ರೆ ಅದೂ ಸಾಕ್ಷಿನಾ?"

"ಹೂಂ."

"ಒಳ್ಳೆ ಓದು ಕಣಪ್ಪ."

"ನಿಮಗೆ ಗೊತ್ತಿತ್ತಲ್ವಾ? ಮತ್ತೆ ಯಾಕೆ ಸುಮ್ನಿದ್ರಿ?"

"ಮೊದ್ಲು ಮೊದ್ಲು ಬೇಜಾರಾಯ್ತು. ಸಂತೇಲಿ ಹುಡುಗ್ರು ನಗೋರು. ಆಮೇಲೆ ಮೇಷ್ಟ್ರಿಗೇ ತಿಳೀದು ಅಂದ್ರೆ ನಿನ್ನ ಮಾತು ಯಾರು ಕೇಳ್ತಾರೆ ಅಂತ ಸುಮ್ಕಾದೆ."

ಮೂವತ್ತು ವರ್ಷದ ಹುಡುಗರ ನಗು ಒಟ್ಟಿಗೆ ಕೇಳಿಸಿದ ಹಾಗಾಯಿತು. "ಸನ್ಮಾನದ ದಿನ ನಿಜ ಹೇಳ್ಬಿಡ್ತೀನಿ ಅಪ್ಪಾ. ಎದ್ದೋನು ನಾನು, ಇವರಲ್ಲ, ಇಷ್ಟು ವರ್ಷ ಇವರ ಮೇಲೆ ಹಾಕಿ ನಗಿಸಿದ್ದು ತಪ್ಪಾಯ್ತು ಅಂತ ಎಲ್ರೆದುರಿಗೆ ಹೇಳ್ತೀನಿ."

ಇದನ್ನು ಹೇಳುವಾಗ ನನಗೆ ನನ್ನ ಮೇಲೇ ಒಂಚೂರು ಮೆಚ್ಚುಗೆ ಹುಟ್ಟಿತ್ತು. ಅಪ್ಪನ ಕಣ್ಣು ಒದ್ದೆಯಾಗುತ್ತದೆ ಎಂದೂ ಎಣಿಸಿದ್ದೆ. ಅಪ್ಪ ಕಾಯಿಯನ್ನು ಕೆಳಗಿಟ್ಟರು. ಗಾಬರಿಯಾದವರ ಹಾಗೆ ಕಂಡರು.

"ಲೇ, ಬೇಡ ಕಣಪ್ಪ."

"ಯಾಕೆ?"

"ಹುಳಿಯಾರು ಕಡೆ ಹೋದ್ರೆ ಜನ ಏನಂತಾರೆ ಗೊತ್ತಾ ನಿನಗೆ? ಜಪಾನ್ ರೈಲಿನ ಗುರುಶಾಂತಪ್ಪನೋರು ಬಂದ್ರು, ಕುರ್ಚಿ ತಕ್ಕಂಬರ್ರೋ ಅಂತಾರೆ. ಬೀಗರ ಮನೇಲಿ ಊಟ ಆದ್ಮೇಲೆ ಮಕ್ಕಳೆಲ್ಲ ಸುತ್ತ ಕೂತ್ಕತ್ತವೆ, ತಾತ ಹೇಳು ಅಂತ. ನಾನೂ ಹೇಳ್ತೀನಿ, ಏನಂದ್ಕೊಂಡೆ. ನಿನಗಿಂತ ಚೆನ್ನಾಗಿ ಹೇಳ್ತೀನಿ."

ಇದು ನನಗೆ ಹೊಸ ಸುದ್ದಿ.

"ಸಂಘದೋರು ನನ್ನೇ ಯಾಕೆ ಕರೆದ್ರು ಅಂದ್ಕೊಂಡಿದ್ದೀಯ? ತೋಟಕ್ಕಾ? ನನಗಿಂತ ಚೆಂದಾಗಿ ತೆಂಗು ಬೆಳೆಯೋರು ಈ ತಾಲ್ಲೂಕಲ್ಲೇ ನೂರು ಜನ ಅವ್ರೆ. ನಿನಗೆ ಕಾಲೇಜಿತ್ತು, ಹುಡುಗ್ರಿದ್ರು. ನನ್ನತ್ರ ಹೇಳ್ಕೊಳ್ಳೋಕೆ ಇರೋದು ಅದೊಂದೇ. ಈಗ ನಿಜ ಸಿಕ್ತು ಅಂತ ಬಂದು ಅದನ್ನೂ ತಗಂಡು ಹೋಯ್ತೀಯಾ?"

ಅಪ್ಪ ಕಾಯಿ ಎತ್ತಿ ನನ್ನ ಕೈಗೆ ಕೊಟ್ಟು, "ಇದು ನೋಡು, ಬಿಟ್ಟದಾ?" ಅಂದರು. ಮಾತು ಮುಗಿದಿತ್ತು.

ಸನ್ಮಾನ ತಿಪಟೂರಿನ ಒಂದು ಕಲ್ಯಾಣಮಂಟಪದಲ್ಲಿ. ಮುಖ್ಯ ಅತಿಥಿಗಳು ಒಂದೂವರೆ ಗಂಟೆ ತಡವಾಗಿ ಬಂದು, ಸಮಯಪ್ರಜ್ಞೆಯ ಬಗ್ಗೆ ಜಪಾನಿನವರಿಂದ ನಾವು ಕಲಿಯಬೇಕು ಎಂದು ಮುಕ್ಕಾಲು ಗಂಟೆ ಮಾತಾಡಿದರು. ಅಪ್ಪನಿಗೆ ಪೇಟ ತೊಡಿಸಿ ಶಾಲು ಹೊದಿಸಿದರು. ಪೇಟ ದೊಡ್ಡದಾಗಿ ಹುಬ್ಬಿನ ತನಕ ಇಳಿದಿತ್ತು. ಆಮೇಲೆ ಯೋಗೀಶ ನನ್ನನ್ನು ಕರೆದ. ಮುಂದಿನ ಸಾಲುಗಳಲ್ಲಿ ನನ್ನ ಕೈಲಿ ಓದಿದವರು, ಈಗ ತಲೆ ನರೆತವರು, ನಗುವುದಕ್ಕೆ ಮೊದಲೇ ಸಿದ್ಧರಾಗಿ ಕೂತಿದ್ದರು.

ಹೇಳಿದೆ. ಮೂವತ್ತು ವರ್ಷ ಇದೇ ಸುಳ್ಳನ್ನು ನಿಜವೆಂದು ನಂಬಿ ಹೇಳಿದ್ದೆ. ಸುಳ್ಳೆಂದು ತಿಳಿದು ಹೇಳಿದ್ದು, ನನಗೆ ನೆನಪಿರುವ ಮಟ್ಟಿಗೆ, ಇದೇ ಮೊದಲು. ತೊದಲುತ್ತೇನೆಂದುಕೊಂಡಿದ್ದೆ. ಒಂದು ಅಕ್ಷರವೂ ತಪ್ಪಲಿಲ್ಲ. ಸತ್ಯದ ಬಗ್ಗೆ ಅಷ್ಟು ವರ್ಷ ಹುಡುಗರಿಗೆ ಉಪದೇಶ ಮಾಡಿದ ನಾಲಿಗೆ ಇಷ್ಟು ಸರಾಗವಾಗಿ ಹೊರಳುತ್ತದೆಂದು ನೋಡಿ ನನಗೇ ಬೆರಗಾಯಿತು. ತಿರುವು ಬಂತು, ರೈಲು ವಾಲಿತು. "ಆಗ ನಮ್ಮ ಅಪ್ಪ ಧಿಗ್ಗನೆ ಎದ್ದು ನಿಂತು ಕೂಗಿದರು" ಅಂದೆ.

"ಅಲ್ಲೊಂದು ಬಿಟ್ಟ" ಎಂದಿತು ಪಕ್ಕದಿಂದ ಒಂದು ದನಿ.

ಅಪ್ಪ ಪೇಟವನ್ನು ಹಣೆಯ ಮೇಲಕ್ಕೆ ಸರಿಸಿ ಎದ್ದು ಬಂದಿದ್ದರು. ಮೈಕನ್ನು ನನ್ನ ಕೈಯಿಂದ ತೆಗೆದುಕೊಂಡರು. ಸಭೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ನಿಲ್ಲುವವರೆಗೆ ಕಾದರು. ನನಗಿಂತ ಚೆನ್ನಾಗಿ ಹೇಳುತ್ತೇನೆ ಅಂದದ್ದು ಬರಿಯ ಮಾತಾಗಿರಲಿಲ್ಲ.

"ನಮ್ಮ ಮೇಷ್ಟ್ರು ಯಾವಾಗ್ಲೂ ಅಲ್ಲೊಂದು ಬಿಡ್ತಾನೆ. ಅವನಿಗೆ ಗೊತ್ತಿಲ್ಲ. ನಾನು ಕೂಗಿದ್ದು ಆಮೇಲೆ. ರೈಲು ವಾಲ್ತು ನೋಡಿ, ನನಗೆ ಎಚ್ಚರ ಆಯ್ತು. ಕಣ್ಣು ಬಿಟ್ರೆ ಇವನು ಎದ್ಬುಟ್ಟವ್ನೆ, ಮುಂದಕ್ಕೆ ಬಗ್ಗವ್ನೆ. ಹಿಂದಿನಿಂದ ಇವನ ಅಂಗಿ ಹಿಡ್ಕಂಡೆ, ಗಟ್ಟಿಯಾಗಿ, ಈ ಕೈಲಿ. ರೈಲು ಬಿದ್ರೆ ಜಪಾನಿನೋರು ಎತ್ಕತ್ತಾರೆ. ಇವನು ಬಿದ್ರೆ ನಾನು ಇವರಮ್ಮನಿಗೆ ಏನು ಹೇಳ್ಲಿ? ಎಂಟೋ ಒಂಬತ್ತೋ ತಿರುವು. ಅಷ್ಟಕ್ಕೂ ಬಿಡ್ಲಿಲ್ಲ."

ಜನ ನಗುತ್ತಲೇ ಇದ್ದರು. ಮಗ ಯಾಕೆ ಎದ್ದಿದ್ದ ಎಂದು ಯಾರೂ ಕೇಳಲಿಲ್ಲ. ಅಪ್ಪ ನನ್ನ ಕಡೆ ತಿರುಗಿದರು.

"ಹೌದೇನೋ?"

ನೆನಪಿಸಿಕೊಳ್ಳಲು ನೋಡಿದೆ. ಬೆನ್ನಿನ ಹಿಂದೆ ನಡೆದದ್ದು, ಕಂಡಿರಲು ಸಾಧ್ಯವಿಲ್ಲ. ಅಂಗಿ ಎಳೆದ ಹಾಗೆ ಅನ್ನಿಸಿತ್ತೇ, ತಿಳಿಯದು. ರುದ್ರಪ್ಪ ಮಾವ ಇದನ್ನು ಹೇಳಿರಲಿಲ್ಲ. ನಾನು ಬರೆದಿಟ್ಟಿಲ್ಲ. ಎಂಬತ್ತೈದು ವರ್ಷದವರ ಒಂದು ಮಾತನ್ನು ಬಿಟ್ಟರೆ ಇದಕ್ಕೆ ಎಲ್ಲೂ ಏನೂ ಆಧಾರವಿಲ್ಲ.

ಅಪ್ಪ ಮೈಕನ್ನು ನನ್ನ ಬಾಯಿಯ ಹತ್ತಿರ ಹಿಡಿದರು.

"ಹೌದು" ಅಂದೆ.